ಜನ್ನಾಪುರದ ಸೋಮವಾರಗಳು

ಹೋದ ತಿಂಗಳು ಭದ್ರಾವತಿಯಲ್ಲಿ ಒಂದು ಮದುವೆಯಿತ್ತು. ಬೆಳಗಿನ ಮುಹೂರ್ತ. ಛತ್ರಕ್ಕೆ ಹೋಗುವ ಮೊದಲು ನನ್ನ ಗಂಡನ ಅಕ್ಕ ಗಿರಿಜಕ್ಕನನ್ನು ಹತ್ತಿಸಿಕೊಳ್ಳೋಣವೆಂದು ಜನ್ನಾಪುರದ ಅವರ ಬೀದಿಗೆ ಸ್ಕೂಟರ್ ತಿರುಗಿಸಿದೆ. ಮೂಲೆ ಮನೆಯ ಪಕ್ಕದ ಸಂದಿಯಿಂದ ಒಬ್ಬ ಹುಡುಗಿ ಹೊರಗೆ ಬಂದಳು. ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಚಪ್ಪಲಿ. ಗೇಟಿನ ಚಿಲಕವನ್ನು ಸದ್ದಾಗದ ಹಾಗೆ ಎತ್ತಿ ಇಳಿಸಿ, ನಾಲ್ಕು ಮನೆ ದಾಟಿದ ಮೇಲೆ ಬಗ್ಗಿ ಚಪ್ಪಲಿ ಹಾಕಿಕೊಂಡಳು. ನನ್ನನ್ನು ನೋಡಿ ನಕ್ಕಳು. ನನಗೆ ನಗು ಬರಲಿಲ್ಲ. ಒಳಗೆ ಒಂದು ಮಗು ಇದೆ, ಅದನ್ನು ಯಾರೋ ಹಿತ್ತಲಿಗೆ ಎತ್ತಿಕೊಂಡು ಹೋಗಿದ್ದಾರೆ, ಇನ್ನೆರಡು ನಿಮಿಷಕ್ಕೆ ಅದು ಒಳಗೆ ಬಂದು ಕೋಣೆ ಕೋಣೆ ಹುಡುಕುತ್ತದೆ ಎಂದು ಯಾರೂ ಹೇಳದೆಯೇ ಗೊತ್ತಾಯಿತು. ನಿಲ್ಲಿಸಿ ಅವಳಿಗೆ ಏನಾದರೂ ಹೇಳಬೇಕೆನಿಸಿತು. ಏನಂತ ಹೇಳುವುದು? ಆರು ತಿಂಗಳು ಅದೇ ಬೀದಿಯಲ್ಲಿ ಹಾಗೇ ನಡೆದವಳು ನಾನು.

ಏಳು ವರ್ಷದ ಹಿಂದಿನ ಮಾತು. ಆಗ ನನ್ನ ಮಗಳು ಮಾನ್ಯಳಿಗೆ ಎರಡೂವರೆ ದಾಟಿತ್ತು. ನಮ್ಮ ಮನೆ ಶಿವಮೊಗ್ಗದ ವಿನೋಬನಗರದಲ್ಲಿ, ಈಗಲೂ ಅಲ್ಲೇ. ನನ್ನ ಗಂಡ ಪ್ರಸನ್ನ ಅವರದು ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ. ನನ್ನದು ಹಾಲಿನ ಕೆಲಸ. ಹಳ್ಳಿಯ ಡೈರಿಗಳಲ್ಲಿ ಹಾಲಿನ ಕೊಬ್ಬು ಎಷ್ಟಿದೆ, ನೀರು ಬೆರೆತಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಯಂತ್ರಗಳಿವೆಯಲ್ಲ, ಅವನ್ನು ಮಾರುವ ಕಂಪನಿಯೊಂದರಲ್ಲಿ ತರಬೇತಿ ಕೊಡುವವಳು ನಾನು. ಮಾರುವವರು ಬೇರೆ. ಮಾರಿದ ಮೇಲೆ ಊರಿಗೆ ಹೋಗಿ, ಡೈರಿಯವರಿಗೆ ಕಲಿಸಿಕೊಟ್ಟು, ಯಂತ್ರ ಸುಳ್ಳು ಹೇಳುವುದಿಲ್ಲವೆಂದು ಊರವರನ್ನು ನಂಬಿಸಿ ಬರುವುದು ನನ್ನ ಪಾಲಿನದು. ನೀರು ಬೆರೆತಿದೆ ಎಂದು ತೋರಿಸಿದರೆ ಎಮ್ಮೆ ಕಟ್ಟಿದವರು ಸುಮ್ಮನಿರುತ್ತಾರೆಯೇ? ಅವರೆದುರಿಗೇ ಅವರ ಹಾಲನ್ನು ಮೂರು ಸಲ ಪರೀಕ್ಷೆ ಮಾಡಿ ತೋರಿಸಿ, ಚೆನ್ನಾಗಿ ಬೈಸಿಕೊಂಡು, ಕೊನೆಗೆ ಅವರ ಮನೆಯಲ್ಲೇ ಟೀ ಕುಡಿದು ಬರುತ್ತಿದ್ದೆ. ಹಾಲು ಬರುವುದು ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ಹಾಗಾಗಿ ಅಲ್ಲೇ ಉಳಿಯದೆ ವಿಧಿಯಿಲ್ಲ. ಸೋಮವಾರ ಹೊರಟರೆ ದಾವಣಗೆರೆ, ಚಿತ್ರದುರ್ಗದ ಕಡೆಯ ಹಳ್ಳಿಗಳನ್ನು ಸುತ್ತಿ ಶುಕ್ರವಾರ ಸಂಜೆ ವಾಪಸ್ಸು.

ಆ ಕೆಲಸ ನನಗೆ ಇಷ್ಟವಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಕಷ್ಟಕ್ಕೆ ಹೋದೆ ಎಂದು ಬರೆದರೆ ಓದುವವರಿಗೆ ಕನಿಕರ ಹುಟ್ಟುತ್ತದೆ, ಆದರೆ ಅದು ನಿಜವಲ್ಲ. ಮಗು ಹುಟ್ಟಿದ ಮೇಲೆ ಎರಡು ವರ್ಷ ಶಿವಮೊಗ್ಗದ ಆಫೀಸಿನಲ್ಲಿ ಕೂತು ಫೋನಿನಲ್ಲೇ ಊರೂರಿಗೆ ಉತ್ತರ ಹೇಳಿದೆ. ಆಮೇಲೆ ಮ್ಯಾನೇಜರು, ತಿರುಗಾಟಕ್ಕೆ ಬರುವುದಾದರೆ ಇರಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದರು. ಬರುತ್ತೇನೆ ಎಂದೆ. ಯುಗಾದಿ ಕಳೆದ ವಾರ ಹೊರಡಬೇಕಿತ್ತು.

ಮಗುವನ್ನು ಯಾರು ನೋಡಿಕೊಳ್ಳುವುದು ಎಂಬುದು ಒಂದೇ ಸಂಜೆಯಲ್ಲಿ ತೀರ್ಮಾನವಾಯಿತು. "ಗಂಡಸು ಒಬ್ನೇ ಹೆಣ್ಣುಮಗೂನ ಹೆಂಗೆ ನೋಡ್ಕೊಳ್ಳೋದು?" ಎಂದರು ಪ್ರಸನ್ನ. ಗಿರಿಜಕ್ಕನ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಭಾವ ಹಗಲೆಲ್ಲ ರೇಡಿಯೊ ಬಿಚ್ಚಿ ಜೋಡಿಸುತ್ತಾ ಕೂತಿರುತ್ತಿದ್ದರು. ಮನೆ ದೊಡ್ಡದು, ಜನ ಒಳ್ಳೆಯವರು. ಭಾನುವಾರ ಸಂಜೆ ನಾನೂ ಮಗುವೂ ಜನ್ನಾಪುರಕ್ಕೆ ಹೋಗುವುದು, ಸೋಮವಾರ ಬೆಳಗ್ಗೆ ನಾನು ಅಲ್ಲಿಂದಲೇ ಏಳೂಕಾಲಿನ ಬಸ್ಸು ಹಿಡಿಯುವುದು, ಶುಕ್ರವಾರ ಬಂದು ಕರೆದುಕೊಂಡು ಹೋಗುವುದು ಎಂದಾಯಿತು. ಅರ್ಧ ಗಂಟೆಯ ದಾರಿಯಲ್ಲಿ ಅಪ್ಪ ಎಂಬುವರು ಮನೆಯಲ್ಲೇ ಇರುವಾಗ ಮಗು ಯಾಕೆ ಬೇರೆ ಊರಿನಲ್ಲಿ ಬೆಳೆಯಬೇಕು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಕೆಲಸ ಬಿಡು ಎಂಬ ಉತ್ತರ ಬರುತ್ತಿತ್ತು.

ಮೊದಲ ಮೋಸ ಬೇವಿನದು. ಮಾನ್ಯ ರಾತ್ರಿ ಇನ್ನೂ ನನ್ನ ಹಾಲು ಕುಡಿಯುತ್ತಿದ್ದಳು. "ಇಷ್ಟು ದೊಡ್ಡವಳಾಗಿದಾಳೆ, ಇನ್ನೂ ಬಿಡಿಸಿಲ್ವಲ್ಲೇ ಮಾರಾಯ್ತಿ," ಎಂದು ಗಿರಿಜಕ್ಕ ಹಿತ್ತಲಿನ ಬೇವಿನೆಲೆ ಅರೆದು ತಂದುಕೊಟ್ಟರು. ಎಲ್ಲರ ಮನೆಯಲ್ಲೂ ಮಾಡುವುದೇ. ಹಚ್ಚಿಕೊಂಡು ಕೂತೆ. ಅವಳು ಬಾಯಿಟ್ಟು, ಮುಖ ಕಿವುಚಿ, ನನ್ನನ್ನು ನೋಡಿದಳು. ಮತ್ತೊಂದು ಸಲ ಬಾಯಿಟ್ಟಳು. ಮೂರನೆಯ ಸಲ ಕೇಳಲಿಲ್ಲ. ಆ ವಾರ ಚನ್ನಗಿರಿಯ ಆಚೆಯ ಹಳ್ಳಿಯೊಂದರಲ್ಲಿ ಊರವರ ಹಾಲಿನ ಗುಣ ಪರೀಕ್ಷೆ ಮಾಡುತ್ತಾ ನಿಂತಿದ್ದಾಗ ನನ್ನ ರವಿಕೆ ಒದ್ದೆಯಾಯಿತು. ಡೈರಿಯ ಹೆಂಗಸೊಬ್ಬಳು ತನ್ನ ಟವೆಲ್ಲು ತಂದು ನನ್ನ ಹೆಗಲ ಮೇಲೆ ಹಾಕಿದಳು.

ಮೊದಲ ಸೋಮವಾರಗಳಲ್ಲಿ ಮಗು ಮಲಗಿರುವಾಗಲೇ ಎದ್ದು ಹೊರಡುತ್ತಿದ್ದೆ. ಎರಡು ವಾರ ನಡೆಯಿತು. ಮೂರನೆಯ ಭಾನುವಾರ ಮಾನ್ಯ ಮಲಗಲೇ ಇಲ್ಲ. ನನ್ನ ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡು, ತೂಕಡಿಕೆ ಬಂದಾಗಲೆಲ್ಲ ಬೆಚ್ಚಿ ಎಳೆದು ನೋಡುತ್ತಿದ್ದಳು. ಆಗ ಗಿರಿಜಕ್ಕನೇ ಇನ್ನೊಂದು ಉಪಾಯ ತೆಗೆದರು. ಪಕ್ಕದ ಮನೆ ಸೆಲ್ವಿಯ ತಾರಸಿಯ ಮೇಲೆ ಪಾರಿವಾಳದ ಗೂಡುಗಳಿದ್ದವು. ಬೆಳಗ್ಗೆ ಅವಕ್ಕೆ ಕಾಳು ಹಾಕುವ ಹೊತ್ತಿಗೆ, "ಬಾ ಪುಟ್ಟಿ, ಪಾರಿವಾಳ ನೋಡು ಬಾ, ಅಲ್ನೋಡು ಅಲ್ನೋಡು," ಎಂದು ಅವಳನ್ನು ಎತ್ತಿಕೊಂಡು ಹೋಗುವುದು. ಆ ಐದು ನಿಮಿಷದಲ್ಲಿ ನಾನು ಸಂದಿಯಿಂದ ಜಾರಿಕೊಳ್ಳುವುದು.

"ಅಳೋದು ತಪ್ಪುತ್ತೆ ಕಣೇ. ಆಮೇಲೆ ಒಂದ್ ಚೂರು ಹುಡುಕ್ತಾಳೆ, ಸಕ್ಕರೆ ಕೊಟ್ರೆ ಮರೀತಾಳೆ. ನಮ್ಮಮ್ಮ ನಮ್ಮನ್ನ ಹಿಂಗೇ ಏಮಾರಿಸಿ ಕೆಲಸಕ್ಕೆ ಹೋಗ್ತಿರ್ಲಿಲ್ವಾ?" ಎಂದರು. ನನಗೆ ಸರಿ ಎನಿಸಿತು. ನಿಜ ಹೇಳಬೇಕೆಂದರೆ ಸರಿ ಎನಿಸಿದ್ದಲ್ಲ, ಸುಲಭ ಎನಿಸಿತು. ಅವಳು ಅಳುವುದನ್ನು ನಾನು ನೋಡಬೇಕಾಗಿರಲಿಲ್ಲ.

ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗುತ್ತಿದ್ದವನು ಇಮ್ತಿಯಾಜ್. ಆ ಬೀದಿಯ ಮಕ್ಕಳನ್ನೆಲ್ಲ ತನ್ನ ಆಟೋದಲ್ಲಿ ಶಿಶುವಿಹಾರಕ್ಕೆ ಬಿಡುತ್ತಿದ್ದವನೂ ಅವನೇ. ನಲವತ್ತರ ಆಸುಪಾಸಿನ ಮಿತಭಾಷಿ. ಆಟೋ ಸದ್ದು ಕೇಳಿದರೆ ಮಗು ಓಡಿ ಬರುತ್ತದೆಂದು, ಬೀದಿಯ ತಲೆಯಲ್ಲೇ ಇಂಜಿನ್ ಆರಿಸಿ ಇಳಿಜಾರಿನಲ್ಲಿ ಉರುಳಿಸಿಕೊಂಡು ಬಾ ಎಂದು ಅವನಿಗೆ ಹೇಳಿಟ್ಟಿದ್ದೆವು. ನಾಲ್ಕೈದು ವಾರ ಹಾಗೇ ಬಂದ. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗ್ ಇಳಿಸಿಕೊಡುತ್ತಾ, "ಮೇಡಮ್, ತಪ್ಪು ತಿಳ್ಕೋಬೇಡಿ. ಚೋರಿ ಮಾಡ್ಕೊಂಡು ಹೋಗೋರನ್ನ ಕೂರಿಸ್ಕೊಂಡಂಗೆ ಆಗುತ್ತೆ ನಂಗೆ," ಎಂದ.

"ಮಗು ಅಳುತ್ತಲ್ಲ ಇಮ್ತಿಯಾಜ್."

"ಅಳೋದು ಅಳುತ್ತೆ ಮೇಡಮ್. ನಿಮ್ಮ ಮುಂದೆ ಅಳಲ್ಲ ಅಷ್ಟೇ."

ನನಗೆ ಸಿಟ್ಟು ಬಂತು. ಆಟೋ ಓಡಿಸುವವನು ನನಗೆ ಹೇಳುವುದೇನು ಎಂದುಕೊಂಡೆ. ಅದನ್ನೂ ಈಗ ಮುಚ್ಚಿಡುವುದಿಲ್ಲ.

ಪ್ರಸನ್ನ ಪ್ರತಿ ಬುಧವಾರ ಸಂಜೆ ಬೈಕಿನಲ್ಲಿ ಜನ್ನಾಪುರಕ್ಕೆ ಬಂದು ಮಗಳಿಗೆ ಬೆಣ್ಣೆ ಬಿಸ್ಕತ್ತು ಕೊಟ್ಟು, ಅಕ್ಕನ ಕೈಯ ಊಟ ಮಾಡಿ ಹೋಗುತ್ತಿದ್ದರು. ಮುಂದಿನ ಬಾಗಿಲಿಂದಲೇ ಬಂದು ಮುಂದಿನ ಬಾಗಿಲಿಂದಲೇ ಹೋಗುತ್ತಿದ್ದರು. ಮಾನ್ಯ ಗೇಟಿನಲ್ಲಿ ನಿಂತು ಟಾಟಾ ಮಾಡುತ್ತಿದ್ದಳಂತೆ. "ಅಪ್ಪನ್ನ ಎಷ್ಟು ಚೆನ್ನಾಗಿ ಕಳಿಸಿಕೊಡ್ತಾಳೆ ಗೊತ್ತಾ," ಎಂದು ಗಿರಿಜಕ್ಕ ಫೋನಿನಲ್ಲಿ ಹೊಗಳುತ್ತಿದ್ದರು. ಅಪ್ಪ ಹೋದರೆ ಅದು ಹೋಗುವುದಲ್ಲ, ಕೆಲಸ. ಅಮ್ಮ ಕೆಲಸಕ್ಕೆ ಹೋದರೆ ಅದು ಬಿಟ್ಟು ಹೋಗುವುದು. ಆ ಮನೆಯಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಹಾಗೇ ನಡೆದುಕೊಂಡರು, ನಾನೂ.

ಮಳೆಗಾಲ ಹಿಡಿಯಿತು. ಮಾನ್ಯ ಶಿಶುವಿಹಾರಕ್ಕೆ ಸೇರಿದಳು. ಸೋಮವಾರಗಳಲ್ಲಿ ಸೆಲ್ವಿಯ ತಾರಸಿ ಪಾಚಿಗಟ್ಟಿ ಜಾರುತ್ತಿತ್ತು, ಆದರೂ ಗಿರಿಜಕ್ಕ ಕೊಡೆ ಹಿಡಿದು ಮಗುವನ್ನು ಎತ್ತಿಕೊಂಡು ಹತ್ತುತ್ತಿದ್ದರು. ಜುಲೈ ಹೊತ್ತಿಗೆ ಒಂದು ಬದಲಾವಣೆ ಆಗಿತ್ತು. ಮಗು ಪಾರಿವಾಳ ನೋಡುತ್ತಿರಲಿಲ್ಲ. ಎಷ್ಟು ಕರೆದರೂ ಗಿರಿಜಕ್ಕನ ಹೆಗಲ ಮೇಲಿಂದ ಅವರ ಮನೆಯ ಕಡೆಗೇ ಮುಖ. ನಾನು ವಿಡಿಯೊ ಕಾಲ್ ಮಾಡಿದರೆ, "ನೋಡು ಅಮ್ಮ ನೋಡು," ಎಂದು ಫೋನು ಹಿಡಿದಷ್ಟೂ ಅವಳು ಬೇರೆ ಕಡೆ ತಿರುಗುತ್ತಿದ್ದಳು. ಹಟಮಾರಿ ಆಗಿದ್ದಾಳೆ, ಅಪ್ಪನ ಹಾಗೇ ಎಂದು ನಾವು ನಕ್ಕೆವು.

ಗೌರಿ ಹಬ್ಬ ಕಳೆದ ಎರಡು ವಾರಕ್ಕೆ ಶಿಶುವಿಹಾರದ ಮಿಸ್ ನನಗೆ ಫೋನ್ ಮಾಡಿದರು. "ತಪ್ಪು ತಿಳ್ಕೋಬೇಡಿ ಮೇಡಮ್. ಗೋಡೆ ಮೇಲಿನ ಚಿತ್ರ ತೋರಿಸಿ ನೋಡಿ ಮಕ್ಕಳೇ ಅಂದ್ರೆ ಎಲ್ಲಾ ಮಕ್ಕಳೂ ತಿರುಗ್ತಾವೆ, ಇವಳು ತಿರುಗಲ್ಲ. ಹಿಂದಿನಿಂದ ಕರೆದ್ರೆ ನೋಡಲ್ಲ. ಕಿವಿ ಒಂದ್ಸಲ ತೋರಿಸಿಬಿಡಿ. ಬೇರೇನಾದ್ರೂ ಇದ್ರೂ ಬೇಗ ಗೊತ್ತಾದ್ರೆ ಒಳ್ಳೇದಲ್ವಾ?" ಬೇರೇನಾದರೂ ಎಂದರೆ ಏನು ಎಂದು ಕೇಳುವ ಧೈರ್ಯ ಬರಲಿಲ್ಲ. ಹೊಳಲ್ಕೆರೆಯ ಲಾಡ್ಜಿನಲ್ಲಿ ಕೂತು ಫೋನಿನಲ್ಲಿ ಓದಬಾರದ್ದನ್ನೆಲ್ಲ ಓದಿದೆ. ನನ್ನ ತಿರುಗಾಟಕ್ಕೆ ಮಗುವಿನ ಕಿವಿಯೋ ಬುದ್ಧಿಯೋ ಬಲಿಯಾಯಿತು ಎಂದುಕೊಂಡೆ.

ಶನಿವಾರ ವಿನೋಬನಗರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ವಯಸ್ಸಾದ ಲೇಡಿ ಡಾಕ್ಟರು. ಮಾನ್ಯ ನನ್ನ ತೊಡೆಯ ಮೇಲೆ, ನನ್ನ ಕಡೆಗೇ ಮುಖ ಮಾಡಿ ಕೂತಿದ್ದಳು. ಡಾಕ್ಟರು ಅವಳ ಬೆನ್ನ ಹಿಂದೆ ಗಂಟೆ ಅಲ್ಲಾಡಿಸಿದರು. ತಿರುಗಲಿಲ್ಲ. ಗಿಲಕಿ ಆಡಿಸಿದರು. ತಿರುಗಲಿಲ್ಲ. "ಪುಟ್ಟಿ, ಇಲ್ಲಿ ನೋಡು, ಗೊಂಬೆ," ಎಂದರು. ಅವಳು ನನ್ನ ಕುತ್ತಿಗೆಯ ಸರವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಪ್ರಸನ್ನ ಗೋಡೆ ನೋಡುತ್ತಿದ್ದರು.

ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ತೀರಾ ಸಣ್ಣ ದನಿಯಲ್ಲಿ, "ನಿನ್ನ ಫ್ರಾಕಿನ ಮೇಲೆ ಎಷ್ಟು ಹೂವಿದೆ ಪುಟ್ಟಿ?" ಎಂದರು.

ಮಾನ್ಯ ನನ್ನ ಮುಖದಿಂದ ಕಣ್ಣು ತೆಗೆಯದೆ, "ಮೂರು," ಎಂದಳು.

"ಕಿವಿ ನಂಗಿಂತ ಚೆನ್ನಾಗಿದೆ. ಮತ್ತೆ ಗಂಟೆ ಬಾರಿಸಿದ್ರೆ ಯಾಕಮ್ಮ ತಿರುಗಿ ನೋಡಲ್ಲ?"

"ನೋಡಿದ್ರೆ ಅಮ್ಮ ಹೋಗ್ಬಿಡ್ತಾಳೆ."

ಅಷ್ಟೇ ಹೇಳಿದಳು. ಅಳಲೂ ಇಲ್ಲ. ಒಲೆ ಮುಟ್ಟಿದರೆ ಕೈ ಸುಡುತ್ತದೆ ಎನ್ನುವ ಹಾಗೆ ಹೇಳಿದಳು. ಡಾಕ್ಟರು ನನ್ನನ್ನು ಕೇಳಿದ ಮೇಲೆ ತಾರಸಿ, ಪಾರಿವಾಳ, ಸಂದಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಯಾರು ಅಳಬಾರದು ಅಂತ ಹಿಂಗೆ ಮಾಡಿದ್ರಿ? ಅವಳೋ, ನೀವೋ?" ಎಂದು ಮಾತ್ರ ಕೇಳಿದರು. ಆಮೇಲೆ ಚೀಟಿಯಲ್ಲಿ ಔಷಧಿ ಏನೂ ಬರೆಯದೆ ಬಾಯಲ್ಲೇ ಹೇಳಿದರು. ಹೇಳಿ ಹೋಗಿ. ಅವಳು ನೋಡುತ್ತಿರುವಾಗ ಹೋಗಿ. ಅಳಲಿ ಬಿಡಿ. ಬರುವ ದಿನ ಹೇಳಿ, ಆ ದಿನ ಬನ್ನಿ. ಒಂದು ಸಲವೂ ತಪ್ಪಬೇಡಿ.

ಮನೆಗೆ ಬರುವ ದಾರಿಯಲ್ಲಿ ಪ್ರಸನ್ನ, "ನಾನು ಮೊದಲೇ ಹೇಳಿದ್ದೆ," ಎಂದರು. ಅವರು ಯಾವತ್ತೂ ಏನೂ ಹೇಳಿರಲಿಲ್ಲ. ಗಿರಿಜಕ್ಕನಿಗೆ ವಿಷಯ ತಿಳಿದು ಅವರ ಮುಖ ಸಣ್ಣದಾಯಿತು. "ಮಗು ನೋಯಬಾರದು ಅಂತ ಮಾಡಿದ್ದು ಕಣೇ. ಆ ಜಾರೋ ತಾರಸಿ ಮೇಲೆ ನಾನು ನನ್ನ ಸುಖಕ್ಕೆ ಹತ್ತಿದ್ನಾ?" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಅವರ ಕಾಲು ಹಿಡಿಯುವುದೊಂದು ಬಾಕಿ.

ಮುಂದಿನ ಸೋಮವಾರ ಮುಂಬಾಗಿಲಿಂದ ಹೊರಟೆ. ಮಾನ್ಯಳ ಎದುರು ಕೂತು, "ನಾನು ಈಗ ಕೆಲಸಕ್ಕೆ ಹೋಗ್ತೀನಿ. ಶುಕ್ರವಾರ ಸಂಜೆ ಬರ್ತೀನಿ," ಎಂದೆ. ಅವಳು ಕೂಗಿದ ಕೂಗಿಗೆ ಬೀದಿಯೇ ಬಾಗಿಲಿಗೆ ಬಂತು. ನನ್ನ ಚೂಡಿದಾರದ ಹೊಲಿಗೆ ಕಿತ್ತು ಬಂತು. ಸೆಲ್ವಿ ತಮಿಳಿನಲ್ಲಿ ಏನೋ ಬೈದುಕೊಂಡು ಒಳಗೆ ಹೋದಳು, ನನ್ನನ್ನೇ ಇರಬೇಕು. ಇಮ್ತಿಯಾಜ್ ಇಂಜಿನ್ ಚಾಲೂ ಇಟ್ಟುಕೊಂಡು ಬೀದಿಯ ನಡುವೆ ನಿಂತಿದ್ದ. ಆಟೋ ಹತ್ತಿದ ಮೇಲೆ ನಾನು ಹಿಂದಕ್ಕೆ ತಿರುಗಿ ಕೈಬೀಸಿದೆ. ಅವಳ ಕೂಗು ಬೀದಿಯ ತುದಿಯವರೆಗೂ ಕೇಳಿಸುತ್ತಿತ್ತು, ಆದರೂ ಆರು ತಿಂಗಳಲ್ಲಿ ಮೊದಲ ಸಲ ನಾನು ಆ ಮನೆಯಿಂದ ತಲೆಯೆತ್ತಿ ಹೊರಗೆ ಬಂದಿದ್ದೆ.

ವಾರದ ಲೆಕ್ಕ ಅವಳಿಗೆ ಎಲ್ಲಿ ಗೊತ್ತು? ಅದಕ್ಕೊಂದು ದಾರಿಯನ್ನು ಅವಳೇ ಕಂಡುಕೊಂಡಳು. ಗಿರಿಜಕ್ಕ ಶುಕ್ರವಾರ ಬೆಳಗ್ಗೆ ತಲೆಗೆ ಸ್ನಾನ ಮಾಡಿ, ಹೊಸಿಲು ತೊಳೆದು, ಇಡೀ ಹೊಸಿಲಿಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಹೂವಿಟ್ಟು ಕೈಮುಗಿಯುತ್ತಿದ್ದರು. ಬೇರೆ ದಿನ ರಂಗೋಲಿ ಮಾತ್ರ. ಹೊಸಿಲು ಹಳದಿಯಾದರೆ ಶುಕ್ರವಾರ, ಶುಕ್ರವಾರವಾದರೆ ಅಮ್ಮ. ದಿನವೂ ಎದ್ದು ನೇರವಾಗಿ ಬಾಗಿಲಿಗೆ ಹೋಗಿ ಹೊಸಿಲು ನೋಡುತ್ತಿದ್ದಳಂತೆ. ಎರಡನೆಯ ವಾರವೋ ಮೂರನೆಯ ವಾರವೋ, ನಾನು ಸಂಜೆ ಆಟೋ ಇಳಿದಾಗ ಓಡಿ ಬಂದು, "ಅಮ್ಮಾ, ಅಲ್ನೋಡು, ಹಳದಿ!" ಎಂದು ಬೆರಳು ತೋರಿಸಿ, ಬೆರಳು ತೋರಿಸಿದ ಕಡೆಗೆ ತಾನೂ ತಿರುಗಿದಳು. ನನಗೆ ಬೆನ್ನು ಮಾಡಿ ಪೂರ್ತಿಯಾಗಿ ತಿರುಗಿದಳು. ನಾನು ಅಲ್ಲೇ ಗೇಟಿನಲ್ಲಿ ಕೂತುಬಿಟ್ಟೆ. ಅಂಥ ಸಂತೋಷ ಅವಳು ಹುಟ್ಟಿದಾಗಲೂ ನನಗೆ ಆಗಿರಲಿಲ್ಲ.

ಶನಿವಾರ ನಮ್ಮಿಬ್ಬರದೇ ದಿನ. ಪ್ರಸನ್ನ ಅಂಗಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನಾವಿಬ್ಬರೂ ಸಂಜೆ ರಾಗಿಗುಡ್ಡ ಹತ್ತಿ, ಊರು ನೋಡಿ, ಚುರುಮುರಿ ತಿಂದು ಬರುತ್ತಿದ್ದೆವು. ಅಪ್ಪ ಮನೆಯಲ್ಲಿದ್ದರೆ ಅದು ಭಾನುವಾರ, ಅವತ್ತು ಸಂಜೆ ಜನ್ನಾಪುರ ಎಂಬುದೂ ಅವಳಿಗೆ ಪಾಠವಾಗಿತ್ತು.

ಆರು ಶುಕ್ರವಾರ ನಾನು ತಪ್ಪಲಿಲ್ಲ. ಏಳನೆಯದು ಕಾರ್ತಿಕದಲ್ಲಿ ಬಂತು.

ಹೊಸದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಗುರುವಾರ ಸಂಜೆ ಯಂತ್ರ ಎಲ್ಲರ ಹಾಲನ್ನೂ ನೀರು ಹಾಲು ಎಂದು ತೋರಿಸಿತು. ಒಬ್ಬ ಮುದುಕ ತನ್ನ ಕ್ಯಾನನ್ನು ಡೈರಿಯ ಮುಂದೆಯೇ ಸುರಿದ. ಯಂತ್ರದ ನಳಿಕೆ ಸರಿಯಾಗಿ ತೊಳೆದಿರಲಿಲ್ಲ, ಅಷ್ಟೇ. ಆದರೆ ಅದನ್ನು ಊರು ಕೇಳಬೇಕಲ್ಲ. ಮ್ಯಾನೇಜರು ಫೋನಿನಲ್ಲಿ, "ಶನಿವಾರ ಬೆಳಗ್ಗೆ ಹಾಲಿನವರೆಗೂ ಅಲ್ಲೇ ಇರಿ. ಮೂರು ಹೊತ್ತು ಸರಿ ತೋರಿಸಿದ್ರೇನೇ ಅವರು ನಂಬೋದು," ಎಂದರು. ಆ ಮಾತು ಸರಿಯಿತ್ತು. ನಾನೇ ಹೊಸಬರಿಗೆ ಹೇಳಿಕೊಡುತ್ತಿದ್ದ ಮಾತು ಅದು.

ಜನ್ನಾಪುರಕ್ಕೆ ಫೋನ್ ಮಾಡಿದೆ. ಮಗುವನ್ನು ಕರೆಯಿರಿ, ಒಂದು ದಿನ ತಡವಾಗುತ್ತದೆಂದು ಹೇಳುತ್ತೇನೆ ಎನ್ನಬಹುದಿತ್ತು. ಅವಳು ಅಳುತ್ತಿದ್ದಳು, ಅಷ್ಟೇ ತಾನೆ. ನನ್ನ ಬಾಯಿಂದ ಬಂದದ್ದು ಬೇರೆ. "ಅಕ್ಕಾ, ನಾಳೆ ಹೊಸಿಲು ಪೂಜೆ ಮಾಡ್ಬೇಡಿ. ನಾಡಿದ್ದು ಮಾಡಿ. ಅವಳು ನಾಡಿದ್ದೇ ಶುಕ್ರವಾರ ಅಂದ್ಕೋತಾಳೆ."

ಗಿರಿಜಕ್ಕ, "ಮದುವೆಯಾಗಿ ಬಂದಾಗಿಂದ ಶುಕ್ರವಾರ ಹೊಸಿಲು ಬಿಟ್ಟಿಲ್ಲ ಮಾರಾಯ್ತಿ. ನನ್ನ ಬಾಣಂತನದಲ್ಲೂ ನಿಮ್ಮ ಭಾವನ ಕೈಲಿ ಮಾಡ್ಸಿದೀನಿ," ಎಂದರು.

"ಒಂದೇ ಸಲ ಅಕ್ಕಾ. ಡಾಕ್ಟರು ತಪ್ಪಬೇಡಿ ಅಂದಿದಾರೆ."

"ಆಯ್ತು ಬಿಡು. ದೇವರಿಗೆ ಗೊತ್ತಾಗುತ್ತೆ," ಎಂದು ಫೋನಿಟ್ಟರು.

ಶುಕ್ರವಾರ ಗಿರಿಜಕ್ಕ ತಲೆಗೆ ನೀರು ಹಾಕಿಕೊಳ್ಳಲಿಲ್ಲ, ಹೊಸಿಲು ಮುಟ್ಟಲಿಲ್ಲ. ಶಿಶುವಿಹಾರದಲ್ಲಿ ವಾರದ ಹೆಸರು ಹೇಳಿಸುತ್ತಾರೆಂದು ಮಗುವನ್ನು ಅಲ್ಲಿಗೂ ಕಳಿಸಲಿಲ್ಲ. ಇಮ್ತಿಯಾಜ್ ಬಂದು ಹಾರ್ನ್ ಮಾಡಿದಾಗ ಗೇಟಿಗೆ ಹೋಗಿ, "ಅವಳಿಗೆ ಇವತ್ತು ಗುರುವಾರ ಅಂತ ಹೇಳಿದೀವಿ. ಕೇಳಿದ್ರೆ ನೀನೂ ಹಂಗೇ ಹೇಳಪ್ಪ," ಎಂದರಂತೆ. "ನಾನು ಹೇಳಲ್ಲ ಅಕ್ಕಾ. ಬೇಕಾದ್ರೆ ಸುಮ್ನಿರ್ತೀನಿ," ಎಂದು ಅವನು ಉಳಿದ ಮಕ್ಕಳನ್ನು ಕರೆದುಕೊಂಡು ಹೋದನಂತೆ. ಇದನ್ನೆಲ್ಲ ಗಿರಿಜಕ್ಕ ಎಷ್ಟೋ ದಿನದ ಮೇಲೆ ನನಗೆ ಹೇಳಿದರು.

ಶನಿವಾರ ಸಂಜೆ ನಾನು ಬಂದಾಗ ಹೊಸಿಲು ಹಳದಿಯಾಗಿತ್ತು. ಮಾನ್ಯ ಓಡಿ ಬಂದು ತಬ್ಬಿಕೊಂಡು, "ಶುಕ್ರವಾರ ಬಂತು!" ಎಂದಳು. "ಹ್ಞೂಂ, ಬಂದೆ ನೋಡು," ಎಂದೆ. ಗಿರಿಜಕ್ಕ ನನ್ನ ಮುಖ ನೋಡಲಿಲ್ಲ, ಅಡುಗೆಮನೆಗೆ ಹೋದರು. ಗೆದ್ದೆನೆಂದು ಅನ್ನಿಸಿತು ನನಗೆ. ಊರವರೂ ನಂಬಿದ್ದರು, ಮಗಳೂ ನಂಬಿದ್ದಳು.

ಮಾರನೆಯ ದಿನ ವಿನೋಬನಗರದ ಮನೆಯಲ್ಲಿ ಮಾನ್ಯ ಎದ್ದವಳೇ ತನ್ನ ಶೂ ತಂದು ನನ್ನ ಮುಂದೆ ಇಟ್ಟಳು. "ಇವತ್ತು ರಾಗಿಗುಡ್ಡ," ಎಂದಳು. ಆಮೇಲೆ ನಡುಮನೆಗೆ ಹೋದಳು. ಪ್ರಸನ್ನ ಲುಂಗಿ ಉಟ್ಟು ಪೇಪರು ಹರಡಿಕೊಂಡು ಕೂತಿದ್ದರು.

"ಅಪ್ಪ, ಅಂಗಡಿ?"

"ಇವತ್ತು ಭಾನುವಾರ ಅಲ್ವಾ ಮಗಳೇ."

ಅವಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. "ಶನಿವಾರ ಎಲ್ಲಿ?" ಎಂದು ಕೇಳಿದಳು.

ಪ್ರಸನ್ನರಿಗೆ ಏನೂ ಗೊತ್ತಿರಲಿಲ್ಲ, ಜೋರಾಗಿ ನಕ್ಕರು. ಆಗಲಾದರೂ ನಾನು ಅವಳ ಮುಂದೆ ಕೂತು, ತಡವಾಯಿತು ಮಗ, ಸುಳ್ಳು ಹೇಳಿದೆ ಎನ್ನಬಹುದಿತ್ತು. "ಈ ವಾರ ಶನಿವಾರ ಬರ್ಲಿಲ್ಲ ಪುಟ್ಟಿ," ಎಂದೆ. ಇಷ್ಟು ವರ್ಷದಲ್ಲಿ ನಾನು ಆಡಿದ ಮಾತುಗಳಲ್ಲೆಲ್ಲ ಅದರಷ್ಟು ಹೊಲಸು ಮಾತು ಇನ್ನೊಂದಿಲ್ಲ. ಅವಳು ಶೂಗಳನ್ನು ಎತ್ತಿಕೊಂಡು ಹೋಗಿ ಮೊದಲಿದ್ದ ಜಾಗದಲ್ಲಿ ಜೋಡಿಸಿಟ್ಟಳು.

ಮಧ್ಯಾಹ್ನವೇ ಅವಳನ್ನು ರಾಗಿಗುಡ್ಡಕ್ಕೆ ಕರೆದುಕೊಂಡು ಹೋದೆ. ಬಿಸಿಲಲ್ಲಿ ಯಾರೂ ಇರಲಿಲ್ಲ. ಮೇಲೆ ನಿಂತು, "ನಮ್ಮನೆ ಎಲ್ಲಿದೆ ನೋಡು, ಅಲ್ನೋಡು," ಎಂದೆ. ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು. ಊರಿನ ಕಡೆ ತಿರುಗಲಿಲ್ಲ.

ಈಗ ಅವಳಿಗೆ ಹತ್ತು ತುಂಬುತ್ತಾ ಬಂತು. ಚೆನ್ನಾಗಿ ಓದುತ್ತಾಳೆ, ಎಲ್ಲರ ಜೊತೆ ನಗುತ್ತಾಳೆ, ಕರೆದರೆ ತಿರುಗುತ್ತಾಳೆ. ಮಕ್ಕಳಿಗೆ ಏನು ನೆನಪಿರುತ್ತದೆ, ಸುಮ್ಮನೆ ತಲೆ ಕೆಡಿಸಿಕೊಂಡಿದ್ದೆ ನೀನು ಎನ್ನುತ್ತಾರೆ ಎಲ್ಲರೂ. ಸಂಜೆ ಆರಕ್ಕೆ ಬರುತ್ತೇನೆ ಎಂದರೆ ನನ್ನ ಮಗಳು, "ಬಂದಾಗ ಬಾ," ಎನ್ನುತ್ತಾಳೆ. ಸಿಟ್ಟಿಲ್ಲದೆ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾಳೆ. ಆ ಮಾತು ಎಲ್ಲಿಂದ ಶುರುವಾಯಿತೆಂದು ನನಗೊಬ್ಬಳಿಗೆ ಗೊತ್ತು.

ರಾಗಿಗುಡ್ಡದ ಮರುದಿನ ಸೋಮವಾರ. ಜನ್ನಾಪುರದಲ್ಲಿ ಚಳಿ ಬಿದ್ದಿತ್ತು. ಎಂದಿನಂತೆ ಅವಳೆದುರು ಕೂತು, ಎರಡೂ ಕೈ ಹಿಡಿದು, "ಕೆಲಸಕ್ಕೆ ಹೋಗ್ತೀನಿ ಪುಟ್ಟಿ. ಶುಕ್ರವಾರ ಬರ್ತೀನಿ. ಖಂಡಿತ ಬರ್ತೀನಿ," ಎಂದೆ. ಅವಳ ಅಳುವಿಗೆ ಕಾದೆ. ಗಿರಿಜಕ್ಕನೂ ಎತ್ತಿಕೊಳ್ಳಲು ಸಿದ್ಧವಾಗಿ ಪಕ್ಕದಲ್ಲಿ ನಿಂತಿದ್ದರು. ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ನನ್ನನ್ನು ನೋಡಿ, ಕೈ ಬಿಡಿಸಿಕೊಂಡಳು. ಗಿರಿಜಕ್ಕನನ್ನು ನೋಡಿದಳು. ಅವರನ್ನೂ ಏನೂ ಕೇಳಲಿಲ್ಲ. ಗೇಟು ದಾಟಿ, ಬೀದಿಯಲ್ಲಿ ನಿಂತಿದ್ದ ಆಟೋದ ಹತ್ತಿರ ಬರಿಗಾಲಲ್ಲಿ ನಡೆದು ಹೋದಳು.

"ಮಾಮಾ, ಅಮ್ಮ ಶುಕ್ರವಾರ ಬರ್ತಾಳಾ?"

ಇಮ್ತಿಯಾಜ್ ನನ್ನ ಕಡೆ ನೋಡಿದ. ಹ್ಞೂಂ ಅನ್ನು ಎಂದು ನಾನು ಕಣ್ಣಲ್ಲೇ ಬೇಡಿದೆ. ಅವನು ಸೀಟಿನಿಂದ ಇಳಿದು ಅವಳ ಎತ್ತರಕ್ಕೆ ಬಗ್ಗಿ ಹೇಳಿದ.

"ನಂಗೊತ್ತಿಲ್ಲ ಪುಟ್ಟಿ."

ಮಾನ್ಯ ತಲೆಯಾಡಿಸಿದಳು. ಆ ಉತ್ತರ ಅವಳಿಗೆ ಸಾಕಾಯಿತು. ನನ್ನ ಪಕ್ಕದಲ್ಲೇ ಹಾದು, ಹೊಸಿಲು ದಾಟಿ ಒಳಗೆ ಹೋದಳು. ನಾನು ಬ್ಯಾಗ್ ಎತ್ತಿಕೊಂಡೆ. ಅವತ್ತು ಯಾರೂ ಅಳಲಿಲ್ಲವಾದ್ದರಿಂದ ತಡವಾಗಲಿಲ್ಲ, ಏಳೂಕಾಲಿನ ಬಸ್ಸು ಆರಾಮಾಗಿ ಸಿಕ್ಕಿತು.